ಏಳು ಕಾಲ್ಪನಿಕ ದೇಶ ಕಟ್ಟಿದ್ದೇನೆ, ಏಳೂ ಒಂದೇ ಥರ ಕಾಣುತ್ತಿವೆ

ಹಾಯಿಹಗ್ಗ:
ಪರ್ಯಾಯ ಇತಿಹಾಸದ ಮೇಲೆ ಒಂದು ಸ್ಟ್ರಾಟಜಿ ಆಟ ಮಾಡುತ್ತಿದ್ದೇನೆ. ನಕ್ಷೆ ಹಿಂದೂ ಮಹಾಸಾಗರದ್ದು. ಕಥೆ ಇಷ್ಟೇ: ಚೀನಾದ ನೌಕಾಧಿಪತಿ ಝೆಂಗ್ ಹೆಯ ಯಾನಗಳು 1433ಕ್ಕೆ ನಿಲ್ಲುವುದಿಲ್ಲ, ಚೀನಾದ ಹಡಗುಗಳು ಬರುತ್ತಲೇ ಇರುತ್ತವೆ. ಆಟ ಶುರುವಾಗುವುದು 1520ರಲ್ಲಿ. ಅಷ್ಟೊತ್ತಿಗೆ ಸಮುದ್ರದ ಸುತ್ತ ಹೊಸ ದೇಶಗಳು ಹುಟ್ಟಿಕೊಂಡಿವೆ. ಏಳು ಜನ ಆಡಬಹುದು, ಒಬ್ಬರಿಗೆ ಒಂದು ದೇಶ. ಒಂದು ಸರದಿ ಅಂದರೆ ಒಂದು ವರ್ಷ.

ಪ್ರತಿ ದೇಶಕ್ಕೂ ಧ್ವಜ ಮಾಡಿದ್ದೇನೆ, ಲಾಂಛನ ಇದೆ, ರಾಜರ ವಂಶಾವಳಿ ಇದೆ, ಹಬ್ಬಗಳ ಪಟ್ಟಿ ಕೂಡ ಇದೆ. ನಕ್ಷೆ, ಕಾರ್ಡ್, ಟಿಪ್ಪಣಿ ಎಲ್ಲ ಜೊತೆಗೆ ಹಾಕಿದ್ದೇನೆ. ಮೇಗಾಡು ಅನ್ನುವುದು ಒಳನಾಡಿನ ದೊಡ್ಡ ಸಾಮ್ರಾಜ್ಯ. ವೆಲಾರಾ ಕೊಲ್ಲಿಯ ಬಾಯಲ್ಲಿರುವ ದ್ವೀಪ. ಸುಹಾಲಿ ಆಫ್ರಿಕಾ ಕರಾವಳಿಯ ಚಿನ್ನದ ನಾಡು. ಲಿನ್‌ಗಾಂಗ್ ಜಲಸಂಧಿಯಲ್ಲಿ ನೆಲೆಸಿದ ಚೀನೀ ವ್ಯಾಪಾರಿಗಳ ಬಂದರು. ಇನ್ನೂ ಮೂರಿವೆ. ಆದರೆ ಆಡಿಸಿ ನೋಡಿದರೆ ಎಲ್ಲರೂ ಮಾಡುವುದು ಒಂದೇ. ಹಡಗು ಕಟ್ಟು, ಪಕ್ಕದವನ ಬಂದರು ಹಿಡಿ, ಮತ್ತೆ ಹಡಗು ಕಟ್ಟು. ಒಂದು ದೇಶಕ್ಕೆ ನಾವಿಕರಲ್ಲಿ 10% ಜಾಸ್ತಿ, ಇನ್ನೊಂದಕ್ಕೆ ಕುದುರೆ ಪಡೆಯಲ್ಲಿ 10% ಜಾಸ್ತಿ ಅಂತ ಕೊಟ್ಟೆ, ಅದನ್ನು ಯಾರೂ ಗಮನಿಸಲೇ ಇಲ್ಲ. ದೇಶಕ್ಕೆ ಅದರದೇ ಗುಣ ಬರಬೇಕಾದರೆ ಏನು ಮಾಡಬೇಕು?

ದಾಳಗಾರ:
ಧ್ವಜ ಮೊದಲು ಮಾಡಿದಿರಾ? ಅಲ್ಲೇ ಗೊತ್ತಾಯಿತು.

ಹಾಯಿಹಗ್ಗ:
ಧ್ವಜ ಮಾಡೋದೇ ಮಜಾ ಗುರು.

ಕಾಗದದ_ಕೋಟೆ:
ನಿಮ್ಮ ದೇಶಗಳಿಗೆ ಏನೇನಿದೆ ಅಂತ ಪುಟಗಟ್ಟಲೆ ಬರೆದಿರುತ್ತೀರಿ, ಏನಿಲ್ಲ ಅಂತ ಒಂದು ಸಾಲೂ ಬರೆದಿರಲ್ಲ. ತೊಂದರೆ ಅಲ್ಲಿದೆ. ಇರುವುದನ್ನು ಎಲ್ಲರೂ ಒಂದೇ ಥರ ಬಳಸುತ್ತಾರೆ. ಇಲ್ಲದ್ದನ್ನು ತರುವ ದಾರಿ ಮಾತ್ರ ಒಬ್ಬೊಬ್ಬರದು ಒಂದೊಂದು.

ನಿಜವಾದ ಇತಿಹಾಸವನ್ನೇ ನೋಡಿ. ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್, ನಿಮ್ಮ ವೆಲಾರಾ ಥರದ್ದೇ, ಒಂದು ಬಂಜರು ದ್ವೀಪ, ಕುಡಿಯುವ ನೀರೂ ಆಚೆಯಿಂದ ಬರಬೇಕಿತ್ತು. ಆದರೂ ಅದು ಆ ಕಾಲದ ಅತಿ ಶ್ರೀಮಂತ ಬಂದರುಗಳಲ್ಲಿ ಒಂದು. ಮಲಯ ಕರಾವಳಿಯ ಬಂದರು ಮಲಾಕ್ಕಾದಲ್ಲಿ ಊಟಕ್ಕೆ ಬೇಕಾದಷ್ಟು ಅಕ್ಕಿ ಬೆಳೆಯುತ್ತಿರಲಿಲ್ಲ, ಜಾವಾ, ಸಿಯಾಮ್ (ಈಗಿನ ಥಾಯ್ಲೆಂಡ್), ಬರ್ಮಾದ ಪೆಗುಗಳಿಂದ ಬರಬೇಕಿತ್ತು. ವಿಜಯನಗರಕ್ಕೆ ಸೈನ್ಯ ಇತ್ತು, ದುಡ್ಡಿತ್ತು, ಒಳ್ಳೆ ಯುದ್ಧದ ಕುದುರೆ ಮಾತ್ರ ಇರಲಿಲ್ಲ. ಅರಬ್ ಮತ್ತು ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಬರಬೇಕು. ದಾರಿಯಲ್ಲಿ ಎಷ್ಟೋ ಸಾಯುತ್ತಿದ್ದವು. ಅಲ್ಲಿನ ರಾಜ ಸಾಳುವ ನರಸಿಂಹನ ಬಗ್ಗೆ ಒಬ್ಬ ಪೋರ್ಚುಗೀಸ್ ವ್ಯಾಪಾರಿ ಬರೆದಿಟ್ಟಿದ್ದಾನೆ: ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಬದುಕಿರುವ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ವ್ಯಾಪಾರಿಗೆ ನಷ್ಟದ ಭಯ ಇಲ್ಲದಂತೆ ಮಾಡಿದರೆ ಮುಂದಿನ ವರ್ಷವೂ ಬರುತ್ತಾನೆ, ಮುಖ್ಯವಾಗಿ ಶತ್ರುವಿನ ಬಂದರಿಗೆ ಹೋಗಲ್ಲ. ಇದೊಂದು ನಿಯಮ ನಿಮ್ಮ ಮೇಗಾಡಿಗೆ ಹಾಕಿ. ಕುದುರೆ ಸ್ವಂತ ಇಲ್ಲ, ಬಂದರುಗಳ ಜೊತೆ ಜಗಳ ಆಡುವಂತಿಲ್ಲ. ಆಗ ಆ ಆಟಗಾರ 'ಪಕ್ಕದವನ ಬಂದರು ಹಿಡಿ' ಅನ್ನುವ ಮುಂಚೆ ಎರಡು ಸಲ ಯೋಚಿಸುತ್ತಾನೆ.

ಮುತ್ತಿಗೆ:
ಬಾಲ ತಂದರೂ ದುಡ್ಡಾ! ಒಂದೇ ಕುದುರೆಯ ಬಾಲ ಮೂರು ತುಂಡು ಮಾಡಿ ಮೂರು ಕುದುರೆ ಸತ್ತವು ಅಂತ ಹೇಳಿದವರು ಇರಲೇಬೇಕು. ಆಟದಲ್ಲಿ ಇದು ಬೇಕೇ ಬೇಕು. ಬಂದರು ಆಟಗಾರ ಸುಳ್ಳು ಲೆಕ್ಕ ಕೊಡಬಹುದು, ಮೇಗಾಡು ತನಿಖೆಗೆ ದುಡ್ಡು ಖರ್ಚು ಮಾಡಬಹುದು.

ಲೂಪ್‌ಹೋಲ್:
@ಮುತ್ತಿಗೆ ಒಳ್ಳೆ ಐಡಿಯಾ, ಆದರೆ ಪ್ರತಿ ಸರದಿಗೂ ತನಿಖೆ ಅಂದರೆ ಆಟ ಮುಗಿಯೋದೇ ಇಲ್ಲ.

ನೀಲಿಶಾಯಿ:
ದೇಶಗಳ ಮಾತು ಆಮೇಲೆ. ನಿಮ್ಮ ಕಥೆಯ ತಿರುವೇ ನಿಲ್ಲುತ್ತಿಲ್ಲ. ಯಾನಗಳು 'ನಿಲ್ಲುವುದಿಲ್ಲ' ಅಂದರೆ ಯಾಕೆ ನಿಲ್ಲುವುದಿಲ್ಲ? ನಿಂತಿದ್ದಕ್ಕೆ ಕಾರಣಗಳಿದ್ದವು. 1405ರಿಂದ 1433ರವರೆಗೆ ನಡೆದ ಏಳು ಯಾನಗಳಿಗೆ ವಿಪರೀತ ಖರ್ಚು. ಬಂದ ಲಾಭಕ್ಕಿಂತ ಕೊಟ್ಟ ಉಡುಗೊರೆಯೇ ಜಾಸ್ತಿ ಅಂತ ಅಧಿಕಾರಿಗಳ ದೂರು. ಅವುಗಳ ಹಿಂದಿದ್ದ ಯೋಂಗ್ಲೆ ಚಕ್ರವರ್ತಿ 1424ರಲ್ಲೇ ತೀರಿಕೊಂಡಿದ್ದ. ರಾಜಧಾನಿ 1421ರಲ್ಲಿ ಬೀಜಿಂಗ್‌ಗೆ ಹೋಗಿತ್ತು, ಅಂದರೆ ಮಂಗೋಲರ ಗಡಿಯ ಪಕ್ಕಕ್ಕೆ. 1449ರಲ್ಲಿ ತುಮುವಿನ ಯುದ್ಧದಲ್ಲಿ ಚಕ್ರವರ್ತಿಯೇ ಮಂಗೋಲರಿಗೆ ಸೆರೆ ಸಿಕ್ಕ. ಇಷ್ಟೆಲ್ಲ ಹಾಗೇ ಬಿಟ್ಟು ಬರೀ ಹಡಗು ಮಾತ್ರ ಬಿಡುತ್ತಾ ಹೋದರೆ ಅವರು 1433ರ ಬದಲು 1450ಕ್ಕೆ ನಿಲ್ಲಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಹಾಯಿಹಗ್ಗ:
ಹಾಗಾದರೆ ಕಥೆಯನ್ನೇ ಬಿಟ್ಟುಬಿಡಲಾ? ಲಿನ್‌ಗಾಂಗ್ ನನಗೆ ತುಂಬಾ ಇಷ್ಟದ ದೇಶ.

ನೀಲಿಶಾಯಿ:
ಬಿಡಬೇಡಿ, ತಿರುವನ್ನು ಬದಲಾಯಿಸಿ. ಚೀನಾದ ಆ ಮಿಂಗ್ ವಂಶದ ಕಾಲದಲ್ಲಿ ಖಾಸಗಿಯವರು ಸಮುದ್ರ ವ್ಯಾಪಾರ ಮಾಡುವಂತಿರಲಿಲ್ಲ. ನಿಷೇಧ 1371ರಿಂದ ಇತ್ತು. ಕಳ್ಳಸಾಗಣೆ, ಕಡಲ್ಗಳ್ಳತನ ಎಲ್ಲ ಮಿತಿಮೀರಿದ ಮೇಲೆ 1567ರಲ್ಲಿ ಅದನ್ನು ಸಡಿಲಿಸಿದರು. ಅಂದರೆ ಅವರು ನಿಜವಾಗಿಯೂ ತೆಗೆದುಕೊಂಡ ತೀರ್ಮಾನ ಇದು. ಅದನ್ನೇ ನೂರು ಚಿಲ್ಲರೆ ವರ್ಷ ಹಿಂದಕ್ಕೆ ತನ್ನಿ. ಸರ್ಕಾರಿ ಹಡಗುಗಳಿಗೆ ದುಡ್ಡಿಲ್ಲ, ಸರಿ, ಪರವಾನಗಿ ಕೊಟ್ಟು ಸುಂಕ ವಸೂಲಿ ಮಾಡೋಣ ಅಂತ 1430ರ ದಶಕದಲ್ಲೇ ಯಾರೋ ಒಬ್ಬ ಮಂತ್ರಿ ಒಪ್ಪಿಸುತ್ತಾನೆ. ಖರ್ಚು ವ್ಯಾಪಾರಿಯದ್ದು, ಸುಂಕ ರಾಜನದ್ದು, ಉತ್ತರದ ಗಡಿಯ ಸೈನ್ಯಕ್ಕೆ ಅದೇ ದುಡ್ಡು. ಮಂಗೋಲರ ಭಯವೇ ಹಡಗು ಹೋಗುವುದಕ್ಕೆ ಕಾರಣ ಆಗುತ್ತದೆ. ಹೊಸದಾಗಿ ಏನನ್ನೂ ಕಲ್ಪಿಸಬೇಕಾಗಿಲ್ಲ. ಮತ್ತೆ ನಿಮ್ಮ ಲಿನ್‌ಗಾಂಗ್ ತಾನಾಗಿಯೇ ಹುಟ್ಟುತ್ತದೆ. ಅದರ ತೊಂದರೆಯೂ ಜೊತೆಗೇ ಬರುತ್ತದೆ: ಪರವಾನಗಿ ಬೀಜಿಂಗ್ ಕೈಯಲ್ಲಿದೆ, ಯಾವ ವರ್ಷ ರದ್ದಾಗುತ್ತದೋ ಗೊತ್ತಿಲ್ಲ.

ಕಾಗದದ_ಕೋಟೆ:
ಇದು ಸಖತ್. ಪರವಾನಗಿಗೆ ದಾಳ ಹಾಕಿಸಿ.

ಕಟ್ಟುನಿಟ್ಟು:
ಇನ್ನೊಂದು ಮಾತು. 1430ರ ದಶಕದಲ್ಲಿ ಇತಿಹಾಸ ಬದಲಾದರೆ ಆಮೇಲೆ ಹುಟ್ಟಿದವರು ಯಾರೂ ನಿಮ್ಮ ಜಗತ್ತಿನಲ್ಲಿ ಇರಬಾರದು. ಕೊಲಂಬಸ್ ಹುಟ್ಟಿದ್ದು 1451. ಬಾಬರ್ 1483. ಮೊದಲ ಪುಟದಲ್ಲೇ 'ಬಾಬರನ ಜೊತೆ ಮೈತ್ರಿ' ಅನ್ನುವ ಕಾರ್ಡ್ ಇಟ್ಟಿದ್ದೀರಿ. ಅವರ ಅಪ್ಪ ಅಮ್ಮ ಬೇರೆ ದಿನ ಬೇರೆ ಊರಲ್ಲಿದ್ದರೆ ಹುಟ್ಟುವ ಮಗುವೇ ಬೇರೆ.

ದಾಳಗಾರ:
ಅಯ್ಯೋ ಮಾರಾಯ, ಇದು ಆಟ. ಚೀನಾದ ಒಬ್ಬ ಮಂತ್ರಿ ಒಂದು ಕಾಗದಕ್ಕೆ ಮುದ್ರೆ ಒತ್ತಿದ ಕೂಡಲೇ ಬಾಬರನ ಊರು ಫರ್ಗಾನಾದಲ್ಲಿ ಹುಟ್ಟೋ ಮಗು ಬದಲಾಗಬೇಕಾ?

ಕಟ್ಟುನಿಟ್ಟು:
ಐವತ್ತು ವರ್ಷ ಸಮಯ ಇದೆಯಲ್ಲ. ರೇಷ್ಮೆ ಬೆಲೆ ಬದಲಾದರೆ ಸಮರ್ಕಂಡದ ದಾರಿಯಲ್ಲಿ ಒಂಟೆಗಳ ಸಾಲು ಕಮ್ಮಿ, ಸುಂಕ ಕಮ್ಮಿ, ಅಲ್ಲಿನ ಅರಸರ ಜಗಳ ಬೇರೆ ರೂಪ ತಾಳುತ್ತದೆ. ಬದಲಾಗದೇ ಇರುವುದೇ ಕಷ್ಟ.

ನೀಲಿಶಾಯಿ:
ತರ್ಕ ನಿಮ್ಮದು ಸರಿ, ಆದರೆ ಪೂರ್ತಿ ಪಾಲಿಸಿದರೆ ಆಡುವವರಿಗೆ ಹಿಡಿದುಕೊಳ್ಳಲು ಒಂದು ಹೆಸರೂ ಉಳಿಯಲ್ಲ. ನನ್ನ ಅಭಿಪ್ರಾಯ ಇದು: ವ್ಯಕ್ತಿಗಳನ್ನು ಬದಲಾಯಿಸಿ, ಒತ್ತಡಗಳನ್ನು ಉಳಿಸಿ. ಬಾಬರ್ ಇರುವುದಿಲ್ಲ, ಆದರೆ ಮಧ್ಯ ಏಷ್ಯಾದಿಂದ ರಾಜ್ಯ ಕಳೆದುಕೊಂಡು ದಕ್ಷಿಣಕ್ಕೆ ಬರುವ ಒಬ್ಬ ತೈಮೂರ್ ವಂಶದವನು ಇರುತ್ತಾನೆ. ಪೋರ್ಚುಗೀಸರು ಬಂದೇ ಬರುತ್ತಾರೆ, 1434ರಲ್ಲೇ ಪಶ್ಚಿಮ ಆಫ್ರಿಕಾದ ಬೊಜಡೋರ್ ಭೂಶಿರ ದಾಟಿದ್ದರು. ಕ್ಯಾಪ್ಟನ್ ಹೆಸರು ಮಾತ್ರ ಬೇರೆ.

ಮುತ್ತಿಗೆ:
ಹಾಂ, ಕೊಲಂಬಸ್ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ನಿಮ್ಮ ಟಿಪ್ಪಣಿಯಲ್ಲಿ 1520ರ ತನಕ ಅಟ್ಲಾಂಟಿಕ್ ದಾಟಿದವರು ಯಾರೂ ಇಲ್ಲ ಅಂತಿದೆ. ಹಾಗಿದ್ದರೆ ಮೇಗಾಡಿನ ಘಟನೆ ಕಾರ್ಡಿನಲ್ಲಿ ಮೆಣಸಿನಕಾಯಿ ತೋಟಕ್ಕೆ ರೋಗ ಬಂದಿದ್ದು ಹೇಗೆ?

ದಾಳಗಾರ:
😂😂

ಕಟ್ಟುನಿಟ್ಟು:
ಜೋಳ ಅಂತ ಬರೆದಿರುವುದು ಮೆಕ್ಕೆಜೋಳವಾದರೆ ಅದೂ ಇಲ್ಲ. ಆಲೂಗಡ್ಡೆ ಇಲ್ಲ, ತಂಬಾಕು ಇಲ್ಲ, ಗೋಡಂಬಿ ಇಲ್ಲ, ಅನಾನಸ್ ಇಲ್ಲ, ಎಲ್ಲ ಅಮೆರಿಕದ್ದು.

ಹಾಯಿಹಗ್ಗ:
ಅದು ಕಾಳುಮೆಣಸಿನ ತೋಟ, ಇವತ್ತಿನಿಂದ. ಸುಹಾಲಿಯ ಗೋಡಂಬಿಯೂ ಹೋಯಿತು.

ಗಾಳಿಮಾಪಕ:
ಎಲ್ಲರೂ ರಾಜ ಮಂತ್ರಿ ಬಗ್ಗೆ ಮಾತಾಡುತ್ತಿದ್ದೀರಿ, ಈ ನಕ್ಷೆಯಲ್ಲಿ ನಿಜವಾದ ದೊರೆ ಗಾಳಿ. ಒಂದು ಸರದಿ ಅಂದರೆ ಒಂದು ವರ್ಷ ಅಂತ ಇಟ್ಟಿರುವುದೇ ನಿಮ್ಮ ದೇಶಗಳೆಲ್ಲ ಒಂದೇ ಥರ ಆಗಲು ಕಾರಣ ಅಂತ ನನಗನಿಸುತ್ತದೆ. ವರ್ಷ ಪೂರ್ತಿ ಯಾವ ಕಡೆಗೆ ಬೇಕಾದರೂ ಹಡಗು ಹೋಗುತ್ತದೆ ಅಂದಮೇಲೆ ದೇಶ ಎಲ್ಲಿದ್ದರೇನು?

ಒಂದು ವರ್ಷಕ್ಕೆ ಎರಡು ಸರದಿ ಮಾಡಿ. ಮುಂಗಾರು ಸರದಿ, ಹಿಂಗಾರು ಸರದಿ. ನೈರುತ್ಯದ ಗಾಳಿ ಇರುವಾಗ ಆಫ್ರಿಕಾ, ಅರಬ್ ಕಡೆಯಿಂದ ಭಾರತದ ಕಡೆಗೆ, ಈಶಾನ್ಯದ ಗಾಳಿ ಇರುವಾಗ ಇಲ್ಲಿಂದ ಆ ಕಡೆಗೆ. ಜೂನ್ ಜುಲೈನಲ್ಲಿ ಪಶ್ಚಿಮ ಕರಾವಳಿಯ ಬಂದರುಗಳು ಬಹುಪಾಲು ಬಂದ್. ಎದುರು ಗಾಳಿಗೆ ಹೋದರೆ ಏನಾಗುತ್ತದೆ ಅಂತ ವಾಸ್ಕೋ ಡ ಗಾಮನನ್ನು ಕೇಳಿ. 1498ರ ಏಪ್ರಿಲ್ ಕೊನೆಗೆ ಪೂರ್ವ ಆಫ್ರಿಕಾದ ಮಾಲಿಂದಿಯಿಂದ ಹೊರಟವನು, ದಾರಿ ಗೊತ್ತಿದ್ದ ಮಾರ್ಗದರ್ಶಿ ಜೊತೆಗಿದ್ದ, ಮೇ 20ಕ್ಕೆ ಕಲ್ಲಿಕೋಟೆ ಕಡೆಯ ತೀರ ಮುಟ್ಟಿದ. ವಾಪಸ್ ಹೋಗುವಾಗ ಗಾಳಿಗೆ ಕಾಯದೆ ಆಗಸ್ಟ್ ಕೊನೆಗೇ ಕಲ್ಲಿಕೋಟೆ ಬಿಟ್ಟ. ಮತ್ತೆ ಮಾಲಿಂದಿ ಕಂಡಿದ್ದು ಜನವರಿಯಲ್ಲಿ. ಅಷ್ಟೊತ್ತಿಗೆ ಸ್ಕರ್ವಿ ಬಂದು ಎಷ್ಟು ಜನ ಸತ್ತಿದ್ದರೆಂದರೆ ನಡೆಸಲು ಆಳಿಲ್ಲದೆ ಒಂದು ಹಡಗನ್ನು ಸುಟ್ಟುಹಾಕಿದರು.

ಈ ನಿಯಮ ಬಂದರೆ ಸುಹಾಲಿಯವನು ಮುಂಗಾರಿನಲ್ಲಿ ದಾಳಿಗೆ ಬರಬಹುದು, ಆದರೆ ಹಿಂಗಾರಿನ ತನಕ ಹಡಗುಗಳು ವಾಪಸ್ ಹೋಗುವಂತಿಲ್ಲ. ಅವನ ಮನೆ ಅಷ್ಟು ದಿನ ಖಾಲಿ. ಗೊತ್ತಾಯಿತಲ್ಲ? ಲಿನ್‌ಗಾಂಗ್ ಎರಡು ಗಾಳಿಗಳ ಕೂಡುಜಾಗದಲ್ಲಿದೆ, ಎಲ್ಲರೂ ಅಲ್ಲಿ ಗಾಳಿ ತಿರುಗುವ ತನಕ ಕಾಯಬೇಕು. ಮಲಾಕ್ಕಾ ದುಡ್ಡು ಮಾಡಿದ್ದೇ ಹೀಗೆ. ಅಲ್ಲಿ ಬೇರೆ ಬೇರೆ ಕಡೆಯ ವ್ಯಾಪಾರಿಗಳಿಗೆ ನಾಲ್ಕು ಜನ ಶಹಬಂದರ್ (ಬಂದರಿನ ಅಧಿಕಾರಿ) ಇದ್ದರು, ಗುಜರಾತಿಗಳಿಗೇ ಒಬ್ಬ. ಕಾಯುವವರಿಗೆ ಗೋದಾಮು ಬೇಕು, ಸಾಲ ಬೇಕು, ಜಗಳ ಬಿಡಿಸುವವರು ಬೇಕು.

ಲೂಪ್‌ಹೋಲ್:
ಇಡೀ ಚರ್ಚೆಯಲ್ಲಿ ಇದಕ್ಕಿಂತ ಒಳ್ಳೆ ನಿಯಮ ಬಂದಿಲ್ಲ. ಒಂದೇ ನಿಯಮ, ಏಳು ದೇಶಕ್ಕೂ ಒಂದೇ, ಆದರೆ ಪರಿಣಾಮ ಏಳು ಥರ. 10% ಬೋನಸ್‌ಗಳನ್ನೆಲ್ಲ ತೆಗೆದುಬಿಡಿ.

ಬೋನಸ್ ವಿಷಯಕ್ಕೆ ಬಂದರೆ, ಯೂರೋಪಾ ಯೂನಿವರ್ಸಾಲಿಸ್ 4 ಅನ್ನುವ ಕಂಪ್ಯೂಟರ್ ಆಟದಲ್ಲಿ ಸ್ವಂತ ದೇಶ ಕಟ್ಟುವ ಸೌಲಭ್ಯ ಇದೆ, ಇಷ್ಟು ಪಾಯಿಂಟ್ ಅಂತ ಕೊಡುತ್ತದೆ. ಜನ ಏನು ಮಾಡುತ್ತಾರೆ? ಎಲ್ಲರೂ ಹುಡುಕಿ ಹುಡುಕಿ ಅದೇ ಮೂರ್ನಾಲ್ಕು ಲಾಭದ ಗುಣ ತೆಗೆದುಕೊಳ್ಳುತ್ತಾರೆ. ಹೆಸರು ಬೇರೆ, ದೇಶ ಒಂದೇ. ಅದಕ್ಕೆ ಪಾಯಿಂಟ್ ಕೊಟ್ಟು ಗುಣ ಕೊಳ್ಳುವ ಪದ್ಧತಿಗೆ ನಾನು ವಿರೋಧಿ.

ಸುಮ್ನೆ_ಓದ್ತೀನಿ:
ಬ್ಯಾಲೆನ್ಸ್ ಹೇಗೆ ಸರ್? ಒಬ್ಬನಿಗೆ ನೀರಿಲ್ಲ, ಒಬ್ಬನಿಗೆ ಕುದುರೆ ಇಲ್ಲ, ಇನ್ನೊಬ್ಬನಿಗೆ ಎಲ್ಲ ಇದೆ ಅಂದರೆ ಆಟ ಶುರುವಿಗೇ ಮುಗಿದುಹೋಗಲ್ವಾ?

ಲೂಪ್‌ಹೋಲ್:
ಆಡುವವರು ಮಾತಾಡುವ ಹಾಗಿದ್ದರೆ ಮುಗಿಯಲ್ಲ. ಡಿಪ್ಲೊಮಸಿ ಅಂತ ಒಂದು ಬೋರ್ಡ್ ಆಟ, 1959ರದ್ದು, ಇವತ್ತಿಗೂ ಆಡುತ್ತಾರೆ. ಅದರಲ್ಲೂ ಏಳು ದೇಶ. ರಷ್ಯಾಗೆ ಶುರುವಿನಲ್ಲಿ ನಾಲ್ಕು ಪಡೆ, ಉಳಿದ ಆರಕ್ಕೂ ಮೂರು ಮೂರು. ತುರ್ಕಿ, ಇಂಗ್ಲೆಂಡ್ ಮೂಲೆಯಲ್ಲಿ ಭದ್ರವಾಗಿವೆ, ಆಸ್ಟ್ರಿಯಾ ನಡುವೆ ಸಿಕ್ಕಿಕೊಂಡಿದೆ. ಕಾಗದದ ಮೇಲೆ ನೋಡಿದರೆ ಅನ್ಯಾಯ. ಆದರೆ ಬಲಶಾಲಿ ಅಂತ ಕಂಡವನ ಮೇಲೆ ಉಳಿದವರು ಒಟ್ಟಾಗಿ ಬೀಳುತ್ತಾರೆ, ಅದೇ ಬ್ಯಾಲೆನ್ಸ್. ನೀವು ನೋಡಿಕೊಳ್ಳಬೇಕಾದ್ದು ಒಂದೇ: ಗೆದ್ದವನಿಗೆ ಇನ್ನೂ ಗೆಲ್ಲುವುದು ಸುಲಭ ಆಗಬಾರದು. ಬಂದರು ಹಿಡಿದವನಿಗೆ ಅದರ ಆದಾಯ ಪೂರ್ತಿ ಸಿಗುತ್ತಿದೆಯಾ ನಿಮ್ಮ ಆಟದಲ್ಲಿ?

ಹಾಯಿಹಗ್ಗ:
ಹೌದು, ಪೂರ್ತಿ, ಮುಂದಿನ ಸರದಿಯಿಂದಲೇ.

ಲೂಪ್‌ಹೋಲ್:
ಅದಕ್ಕೇ ಎಲ್ಲರೂ ಬಂದರು ಹಿಡಿಯುತ್ತಿರುವುದು! ಬಲವಂತವಾಗಿ ಹಿಡಿದರೆ ವ್ಯಾಪಾರಿಗಳು ಓಡಿಹೋಗುತ್ತಾರೆ ಅಂತ ಮಾಡಿ. 1511ರಲ್ಲಿ ಪೋರ್ಚುಗೀಸರು ಮಲಾಕ್ಕಾ ಹಿಡಿದರು. ಆಮೇಲೆ ಎಷ್ಟೋ ಮುಸ್ಲಿಂ ವ್ಯಾಪಾರಿಗಳು ಸುಮಾತ್ರಾದ ಅಚೆ, ಮಲಯದ ಜೋಹೋರ್ ಬಂದರುಗಳ ಕಡೆ ವ್ಯಾಪಾರ ತಿರುಗಿಸಿಕೊಂಡರು. ಕೋಟೆ ಸಿಕ್ಕಿತು, ವ್ಯಾಪಾರ ಪೂರ್ತಿ ಕೈಗೆ ಬರಲಿಲ್ಲ. ಹಿಡಿದ ಬಂದರಿನ ಆದಾಯ ಅರ್ಧಕ್ಕಿಳಿಸಿ, ಆ ಅರ್ಧ ಹತ್ತಿರದ ಬೇರೆ ಬಂದರಿಗೆ ಹೋಗಲಿ. ಆಗ ಪಕ್ಕದವನು ಸುಮ್ಮನೆ ಕೂತು ನಗುತ್ತಾನೆ.

ಕಾಗದದ_ಕೋಟೆ:
ಅಚೆಯ ಸುಲ್ತಾನರು ಹಾಗೇ ನಕ್ಕಿದ್ದು.

ಹಸ್ತಪ್ರತಿ:
ತಡವಾಗಿ ಬಂದೆ. ಯಾರೂ ಕೇಳದ ಪ್ರಶ್ನೆ ಒಂದಿದೆ. ನಿಮ್ಮ ಏಳು ದೇಶಗಳಲ್ಲಿ ರಾಜ ಸತ್ತರೆ ಏನಾಗುತ್ತದೆ? ವಂಶಾವಳಿ ನೋಡಿದೆ, ಏಳರಲ್ಲೂ ಅಪ್ಪನಿಂದ ಹಿರಿಯ ಮಗನಿಗೆ, ಒಂದೂ ತಕರಾರಿಲ್ಲ. ಹೀಗೆ ನಡೆದ ದೇಶ ಭೂಮಿ ಮೇಲೆ ಅಪರೂಪ.

ಮಾಮ್ಲೂಕರ ಈಜಿಪ್ಟಿನಲ್ಲಿ ಆಳುತ್ತಿದ್ದವರು ಗುಲಾಮರಾಗಿ ಕೊಂಡು ತಂದ ಸೈನಿಕರು. ಸುಲ್ತಾನನ ಮಗ ಹೆಸರಿಗೆ ಸಿಂಹಾಸನ ಹತ್ತುತ್ತಿದ್ದ, ಸ್ವಲ್ಪ ದಿನದಲ್ಲಿ ಯಾರೋ ಬಲಶಾಲಿ ಅಮೀರ ಕೆಳಗಿಳಿಸುತ್ತಿದ್ದ. ಒಟ್ಟೋಮನ್ನರಲ್ಲಿ ತಮ್ಮಂದಿರನ್ನು ಕೊಲ್ಲುವುದೇ ಪದ್ಧತಿ, 1595ರಲ್ಲಿ ಮೂರನೇ ಮೆಹ್ಮೆದ್ ಪಟ್ಟಕ್ಕೆ ಬಂದಾಗ 19 ಸೋದರರನ್ನು ಕೊಲ್ಲಿಸಿದ. ವೆನಿಸ್‌ನಲ್ಲಿ 1268ರಿಂದ ದೋಜೆಯನ್ನು (ಅಲ್ಲಿನ ಚುನಾಯಿತ ಮುಖ್ಯಸ್ಥ) ಆರಿಸಲು ಚೀಟಿ ಎತ್ತು, ಮತ ಹಾಕು, ಮತ್ತೆ ಚೀಟಿ ಎತ್ತು, ಮತ್ತೆ ಮತ ಹಾಕು ಅಂತ ತಲೆ ತಿರುಗುವಷ್ಟು ಸುತ್ತು. ಯಾವ ಒಂದು ಮನೆತನವೂ ಮೊದಲೇ ಹೊಂದಾಣಿಕೆ ಮಾಡಿಕೊಳ್ಳಬಾರದು ಅಂತ. ಈ ಮೂರನ್ನು ಮೂರು ದೇಶಕ್ಕೆ ಕೊಟ್ಟರೆ ಆಟ ಆಡುವ ರೀತಿಯೇ ಬೇರೆ. ಒಬ್ಬ ಸೈನಿಕರನ್ನು ಕೊಳ್ಳುವ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತಾನೆ. ಇನ್ನೊಬ್ಬ ರಾಜ ಮುದುಕನಾಗುವ ಮುಂಚೆ ಯುದ್ಧ ಮುಗಿಸಲು ಅವಸರ ಮಾಡುತ್ತಾನೆ. ಮೂರನೆಯವನಿಗೆ ರಾಜನ ಸಾವಿನ ಚಿಂತೆ ಇಲ್ಲ, ಆದರೆ ಯಾವ ತೀರ್ಮಾನಕ್ಕೂ ಒಂದು ಸರದಿ ತಡ.

ಮುತ್ತಿಗೆ:
ವೆನಿಸ್ ಪದ್ಧತಿ ಲಿನ್‌ಗಾಂಗ್‌ಗೆ ಸರಿಹೋಗುತ್ತದೆ. ವ್ಯಾಪಾರಿ ಮನೆತನಗಳು ಅಲ್ವಾ.

ನೀಲಿಶಾಯಿ:
ಮೇಲ್ನೋಟಕ್ಕೆ ಹೌದು. ಆದರೆ ಅಲ್ಲಿನವರು ಚೀನಾ ಕರಾವಳಿಯ ಫುಜಿಯಾನ್ ಕಡೆಯ ವ್ಯಾಪಾರಿಗಳಾದರೆ ಸಂಬಂಧ ಕಟ್ಟುವುದು ಊರು ಮತ್ತು ಕುಲದ ಲೆಕ್ಕದಲ್ಲಿ. ಯೂರೋಪಿನ ವ್ಯವಸ್ಥೆಯನ್ನು ಎತ್ತಿ ಇಲ್ಲಿ ಇಟ್ಟರೆ ಮತ್ತೆ ಹೆಸರು ಮಾತ್ರ ಬೇರೆಯಾಗುತ್ತದೆ. ಕುಲಗಳ ಸಭೆ, ಪ್ರತಿ ಕುಲಕ್ಕೂ ತನ್ನದೇ ಹಡಗು, ಆಟಗಾರನಿಗೆ ನೇರ ಅಧಿಕಾರ ಇರುವುದು ತನ್ನ ಕುಲದ ಮೇಲೆ ಮಾತ್ರ. ಹೀಗೆ ಯೋಚಿಸಿ.

ದಾಳಗಾರ:
ವೆಲಾರಾದ ಸೈನ್ಯ ಎರಡು ಲಕ್ಷ ಅಂತಿದೆ. ನೀರಿಲ್ಲದ ದ್ವೀಪದಲ್ಲಿ ಎರಡು ಲಕ್ಷ ಜನ ಏನು ಕುಡಿಯುತ್ತಾರೆ?

ಹಾಯಿಹಗ್ಗ:
ಕೆಚ್ಚು.

ಕಾಗದದ_ಕೋಟೆ:
😄 ಸೈನ್ಯದ ಸಂಖ್ಯೆ ಮೊದಲು ಬರೆಯಬೇಡಿ. ಆ ಕಾಲದಲ್ಲಿ ದೇಶದ ಬಹುಪಾಲು ಜನ ಹೊಲದಲ್ಲಿರಬೇಕು, ಇಲ್ಲದಿದ್ದರೆ ಉಳಿದವರಿಗೆ ಕೂಳಿಲ್ಲ. ವರ್ಷ ಪೂರ್ತಿ ಸಾಕುವ ಸೈನ್ಯ ನೂರಕ್ಕೆ ಒಂದೆರಡು ಜನ ಅಂತ ಇಟ್ಟುಕೊಂಡರೆ ಸಾಕು. ದ್ವೀಪ ಬಂದರಿಗೆ ಕೆಲವು ಸಾವಿರ ಬಾಡಿಗೆ ಸೈನಿಕರು, ಅವರಿಗೆ ಸಂಬಳ ತಪ್ಪಿದರೆ ದಂಗೆ. ಮತ್ತೆ ದಡದಿಂದ ನೀರಿನ ದೋಣಿ ಬರುವ ದಾರಿ ಒಂದು ಸರದಿ ಮುಚ್ಚಿದರೆ ವೆಲಾರಾ ಶರಣಾಗಲಿ. ಕೋಟೆ ಎಷ್ಟೇ ಗಟ್ಟಿ ಇರಲಿ.

ಗಡಿಕಲ್ಲು:
ನಕ್ಷೆ ನೋಡಿದೆ. ಗಡಿಗಳೆಲ್ಲ ನದಿ ಮೇಲೆ ಎಳೆದಿದ್ದೀರಿ. ನದಿ ಜನರನ್ನು ಸೇರಿಸುತ್ತದೆ ಕಣ್ರೀ. ನೈಲ್, ಸಿಂಧೂ ನೋಡಿ, ಎರಡೂ ದಡ ಒಂದೇ ನಾಡು. ಗಡಿ ಬೀಳುವುದು ಬೆಟ್ಟ, ಮರುಭೂಮಿ, ದಟ್ಟ ಕಾಡಿನಲ್ಲಿ.

ಕಟ್ಟುನಿಟ್ಟು:
ರೋಮನ್ನರಿಗೆ ರೈನ್ ಮತ್ತು ಡ್ಯಾನ್ಯೂಬ್ ನದಿಗಳೇ ಗಡಿ, ಶತಮಾನಗಟ್ಟಲೆ.

ಗಡಿಕಲ್ಲು:
ಅದು ಸೈನ್ಯ ಕಾಯುವ ಗೆರೆ. ರೈನ್ ಆಚೆ ಈಚೆ ವ್ಯಾಪಾರ ನಡೆದೇ ಇತ್ತು.

ಕಟ್ಟುನಿಟ್ಟು:
ಸೈನ್ಯ ಕಾಯುವ ಗೆರೆಗೇ ಗಡಿ ಅನ್ನುವುದು. ತುಂಗಭದ್ರಾ ಕೃಷ್ಣಾ ನಡುವಿನ ರಾಯಚೂರು ದೋಆಬ್‌ಗೆ ಅಷ್ಟು ಯುದ್ಧ ಯಾಕಾಯಿತು ಮತ್ತೆ?

ಗಡಿಕಲ್ಲು:
ಅದು ನನ್ನ ಮಾತಿಗೇ ಸಾಕ್ಷಿ. ನದಿ ಗಡಿಯಾಗಿ ನಿಂತಿದ್ದರೆ ಯುದ್ಧವೇ ಆಗಬಾರದಿತ್ತು. ಫಲವತ್ತಾದ ಭೂಮಿ, ಎರಡೂ ಕಡೆಯವರಿಗೆ ಬೇಕಿತ್ತು, ಯಾರ ಕೈಯಲ್ಲೂ ನಿಲ್ಲಲಿಲ್ಲ.

ಹಾಯಿಹಗ್ಗ:
ಇಬ್ಬರೂ ಜಗಳ ಮುಂದುವರಿಸಿ, ನನಗೆ ಬೇಕಾಗಿದ್ದು ಸಿಕ್ಕಿತು. ಮೇಗಾಡು ಮತ್ತು ಉತ್ತರದ ದೇಶದ ನಡುವೆ ಹೀಗೆ ಎರಡು ನದಿಗಳ ನಡುವಿನ ಭೂಮಿ ಇಡುತ್ತೇನೆ, ಯಾರದ್ದೂ ಅಲ್ಲದ್ದು.

ಸುಮ್ನೆ_ಓದ್ತೀನಿ:
ಇದನ್ನೆಲ್ಲ ಕಂಪ್ಯೂಟರ್ ಆಟದ ಮಾಡ್ ಆಗಿ ಮಾಡಬಹುದಾ, ಕನ್ನಡದಲ್ಲೇ?

ಲೂಪ್‌ಹೋಲ್:
ಯೂರೋಪಾ 4ರಲ್ಲಿ ದೇಶ ಸೇರಿಸುವುದು ಕಷ್ಟ ಅಲ್ಲ. ಮೂರಕ್ಷರದ ಗುರುತು, ಇತಿಹಾಸದ ಫೈಲ್, ಬಣ್ಣ, ಧ್ವಜ. ಕನ್ನಡ ಮಾತ್ರ ಆಗಲ್ಲ. ಅದು ಬಿಟ್‌ಮ್ಯಾಪ್ ಫಾಂಟ್ ಬಳಸುತ್ತದೆ, ಒತ್ತಕ್ಷರ ಕೂಡಿಸಲು ಬರಲ್ಲ. ಕಾಗದದ ಮೇಲೇ ಇರಲಿ ಬಿಡಿ, ಗಾಳಿಯ ನಿಯಮವೂ ಅದರಲ್ಲಿ ಸರಿಯಾಗಿ ಕೂರಲ್ಲ.

ಹಸ್ತಪ್ರತಿ:
ಧ್ವಜದ ಬಗ್ಗೆ ಒಂದು ಮಾತು ಬಾಕಿ ಇದೆ. ಏಳರಲ್ಲಿ ಐದು ಮೂರು ಪಟ್ಟಿಯವು. ಮೂರು ಪಟ್ಟಿಯ ಧ್ವಜ ಎಲ್ಲೆಡೆ ಹರಡಿದ್ದು ಫ್ರೆಂಚ್ ಕ್ರಾಂತಿಯ ನಂತರ. 1520ರಲ್ಲಿ ಹಾರುತ್ತಿದ್ದದ್ದು ರಾಜನ ಮನೆತನದ ಬಾವುಟ, ದೇಶದ್ದಲ್ಲ.

ದಾಳಗಾರ:
ಹೇಳಿದ್ನಲ್ಲ, ಮೊದಲ ಉತ್ತರದಲ್ಲೇ.

ಹಾಯಿಹಗ್ಗ:
ಧ್ವಜ ಮುಟ್ಟಲ್ಲ, ಅದೊಂದು ಬಿಟ್ಟು ಬೇರೆ ಏನು ಬೇಕಾದರೂ ಕೇಳಿ. ಸದ್ಯಕ್ಕೆ ಮಾಡಿರುವುದು ಇಷ್ಟು: ವರ್ಷಕ್ಕೆ ಎರಡು ಸರದಿ, ಎಲ್ಲ ಬೋನಸ್ ರದ್ದು, ಪ್ರತಿ ದೇಶದ ಹಾಳೆಯ ತುದಿಯಲ್ಲಿ 'ಇಲ್ಲದ್ದು' ಅಂತ ಒಂದು ಸಾಲು ಮತ್ತು 'ರಾಜ ಸತ್ತರೆ' ಅಂತ ಇನ್ನೊಂದು. ಹಬ್ಬಗಳ ಪಟ್ಟಿ ತೆಗೆದೆ. ಐದು ದೇಶಕ್ಕೆ ಸರಿಯಾಗಿ ಕೂತಿದೆ. ಉಳಿದ ಎರಡಕ್ಕೆ 'ಇಲ್ಲದ್ದು' ಏನೂ ಹೊಳೆಯುತ್ತಿಲ್ಲ. ಒಂದು ಹವಳದ ದ್ವೀಪಗಳ ದೇಶ, ಇನ್ನೊಂದು ಬಂಗಾಳ ಕೊಲ್ಲಿಯ ನದೀಮುಖದ ದೇಶ.

ಗಾಳಿಮಾಪಕ:
ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಿ. ಮಾಲ್ಡೀವ್ಸ್‌ನಿಂದ ಕವಡೆ ಬಂಗಾಳಕ್ಕೆ ಹೋಗುತ್ತಿತ್ತು, ಅಲ್ಲಿ ಅದೇ ಚಿಲ್ಲರೆ ದುಡ್ಡು. ಬಂಗಾಳದಿಂದ ಅಕ್ಕಿ ಈ ಕಡೆ ಬರುತ್ತಿತ್ತು. ದ್ವೀಪದವನಿಗೆ ಅನ್ನ ಇಲ್ಲ, ನದೀಮುಖದವನಿಗೆ ಚಿಲ್ಲರೆ ಇಲ್ಲ.

ಮುತ್ತಿಗೆ:
ದ್ವೀಪದವನು ಒಂದು ಸರದಿ ಕವಡೆ ತಡೆಹಿಡಿದರೆ ಅಲ್ಲಿ ಸಂತೆಯೇ ನಡೆಯಲ್ಲ! ಆ ದೇಶ ನನಗೆ, ಈಗಲೇ ಬರೆದುಕೊಳ್ಳಿ.

ಲೂಪ್‌ಹೋಲ್:
ಜಾಸ್ತಿ ಕವಡೆ ಸುರಿದರೂ ತೊಂದರೆಯೇ, ಅದರ ಬೆಲೆ ಬೀಳುತ್ತದೆ. ಅದಕ್ಕೊಂದು ಕೋಷ್ಟಕ ಬೇಕಾಗುತ್ತದೆ. ರಾತ್ರಿ ಕೂತು ಮಾಡಿ ಹಾಕುತ್ತೇನೆ.

ಗಡಿಕಲ್ಲು:
@ಕಟ್ಟುನಿಟ್ಟು ಡ್ಯಾನ್ಯೂಬ್ ದಾಟಿ ರೋಮನ್ ಚಕ್ರವರ್ತಿ ಟ್ರಾಜನ್ ಆಚೆ ದಡದ ಡೇಸಿಯಾ ಹಿಡಿದಿದ್ದು 106ರಲ್ಲಿ. ಗಡಿ ಅಂತೆ!